ಹೊರಟವನ ಕಥೆಯಲ್ಲಿ ಉಳಿದವರು

ಮರಿ, ನಿನ್ನ ಚಿತ್ರಕಥೆಯ ಕರಡನ್ನೂ ಜೊತೆಗೆ ಕಳಿಸಿದ್ದ ವೃತ್ತದ ಚಿತ್ರವನ್ನೂ ಸಾವಕಾಶವಾಗಿ ನೋಡಿದೆ. ಮೇಲ್ಗಡೆ ಕರೆ, ಆಮೇಲೆ ಹಿಂಜರಿಕೆ, ಹೊಸ್ತಿಲು ದಾಟುವುದು, ಪರೀಕ್ಷೆಗಳು, ಕತ್ತಲ ಗುಹೆ, ವರಪ್ರಾಪ್ತಿ, ಕೊನೆಗೆ ಮರಳಿ ಮನೆಗೆ. ಒಂದೊಂದು ಘಟ್ಟದ ಪಕ್ಕದಲ್ಲೂ ಬೇಯೊವುಲ್ಫನ ಕಥೆಯಿಂದ ಉದಾಹರಣೆ ಬರೆದಿದ್ದೀಯ. ಅಚ್ಚುಕಟ್ಟಾಗಿದೆ. ಆದರೆ ಹಾಳೆಯ ಕೆಳಗೆ ಪೆನ್ಸಿಲ್ಲಿನಲ್ಲಿ ನಿನ್ನ ಬದುಕನ್ನೂ ಅದೇ ವೃತ್ತಕ್ಕೆ ಹೊಂದಿಸಿದ್ದೀಯಲ್ಲ, ಕೆಲಸ ಬಿಟ್ಟದ್ದು ‘ಕರೆ’, ಅಪ್ಪ ಅಮ್ಮ ಇರುವ ಮನೆ ‘ಸಾಮಾನ್ಯ ಲೋಕ’ ಅಂತ, ಅದನ್ನು ಓದಿದ ಮೇಲೆ ನಿನಗೆ ನಾಲ್ಕು ಮಾತು ಹೇಳಲೇಬೇಕು ಅನ್ನಿಸಿತು. ‘ಬೇಯೊವುಲ್ಫ್’ ಎಂಬ ಆ ಹಳೆಯ ಇಂಗ್ಲಿಷ್ ಕಾವ್ಯವನ್ನು ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದವಳು ನಾನು. ಹೇಳುವುದನ್ನು ಅದರ ಮೂಲಕವೇ ಹೇಳುತ್ತೇನೆ. ದೊಡ್ಡಮ್ಮನ ಉಪದೇಶ ಅಂತ ಪಕ್ಕಕ್ಕಿಡಬೇಡ.

ವೃತ್ತದ ಮೇಲೆ ನನಗೆ ಸಿಟ್ಟಿಲ್ಲ. 1949ರಲ್ಲಿ ಜೋಸೆಫ್ ಕ್ಯಾಂಪ್‌ಬೆಲ್ ‘ದಿ ಹೀರೋ ವಿತ್ ಎ ಥೌಸಂಡ್ ಫೇಸಸ್’ ಬರೆದಾಗ, ದೇಶದೇಶಗಳ ಪುರಾಣಗಳನ್ನು ಒಟ್ಟಿಗಿಟ್ಟು ನೋಡಿ ಹೊರಡುವುದು, ಪಕ್ವವಾಗುವುದು, ಮರಳುವುದು ಎಂಬ ಮೂರು ಹೆಜ್ಜೆಗಳನ್ನು ಕಂಡಿದ್ದ. ಬುದ್ಧನ ಕಥೆಯೂ ಅದರಲ್ಲಿ ಬರುತ್ತದೆ. ಜಾರ್ಜ್ ಲೂಕಸ್ ‘ಸ್ಟಾರ್ ವಾರ್ಸ್’ಗೆ ಅದರ ನೆರವು ಪಡೆದ. ಆಮೇಲೆ ಕ್ರಿಸ್ಟೋಫರ್ ವೋಗ್ಲರ್ ಅದನ್ನು ಹಾಲಿವುಡ್ಡಿನ ಬರಹಗಾರರಿಗೆ ಹನ್ನೆರಡು ಘಟ್ಟಗಳಾಗಿ ಇಳಿಸಿಕೊಟ್ಟ. ನಿನ್ನ ‘ಸಾಮಾನ್ಯ ಲೋಕ’ ಬಂದದ್ದು ಅಲ್ಲಿಂದ. ಬೇಯೊವುಲ್ಫನ ಮಟ್ಟಿಗಂತೂ ಕ್ಯಾಂಪ್‌ಬೆಲ್‌ಗಿಂತ ಎಷ್ಟೋ ಮೊದಲೇ, 1910ರಲ್ಲಿ, ಜರ್ಮನಿಯ ಫ್ರೀಡ್ರಿಶ್ ಪಾಂಟ್ಸರ್ ಇನ್ನೂರಕ್ಕೂ ಹೆಚ್ಚು ಜನಪದ ಕಥೆಗಳನ್ನು ಕಲೆಹಾಕಿದ್ದ. ಕರಡಿಯ ಬಲದ ಹುಡುಗನೊಬ್ಬ ಮನೆಗೆ ನುಗ್ಗುವ ರಾಕ್ಷಸನನ್ನು ಹೊಡೆದು, ಅವನ ಬೆನ್ನಟ್ಟಿ ನೆಲದಡಿಯ ಲೋಕಕ್ಕೆ ಇಳಿಯುವ ಕಥೆಗಳು ಅವು. ಐಸ್ಲೆಂಡಿನ ಗ್ರೆಟ್ಟಿರನ ಸಾಗಾದಲ್ಲೂ ಜಲಪಾತದ ಹಿಂದಿನ ಗುಹೆಯಲ್ಲಿ ಹೆಚ್ಚುಕಡಿಮೆ ಇಂಥದೇ ಕಾಳಗವಿದೆ. ಹಾಗಾಗಿ ಮಾದರಿ ಸುಳ್ಳಲ್ಲ. ಆದರೆ ಅದನ್ನು ಹಿಡಿದುಕೊಂಡು ಕಾವ್ಯದೊಳಗೆ ಹೋದಾಗ ಕೈಗೆ ಸಿಗದೆ ಉಳಿಯುವುದು ಏನು ಅಂತ ನೋಡಬೇಕು. ನೀನು ಕಲಿಯಬೇಕಾದ್ದು ಅಲ್ಲಿದೆ.

ಡೇನರ ದೊರೆ ಹ್ರೋತ್‌ಗಾರ್ ಹೆಯೊರಾಟ್ ಎಂಬ ದೊಡ್ಡ ಸಭಾಭವನ ಕಟ್ಟಿಸುತ್ತಾನೆ. ಒಳಗೆ ಹಾಡು, ಕುಡಿತ, ಉಡುಗೊರೆ. ಜೌಗಿನಲ್ಲಿ ಒಂಟಿಯಾಗಿ ಬಿದ್ದಿರುವ ಗ್ರೆಂಡೆಲ್‌ಗೆ ಆ ಸಂತೋಷ ಕೇಳಿಸಿಕೊಳ್ಳಲಾಗುವುದಿಲ್ಲ. ಮೊದಲ ರಾತ್ರಿಯೇ ಮೂವತ್ತು ಜನರನ್ನು ಹೊತ್ತೊಯ್ಯುತ್ತಾನೆ. ಹನ್ನೆರಡು ಚಳಿಗಾಲ ಆ ಭವನ ರಾತ್ರಿ ಹೊತ್ತು ಖಾಲಿ. ಸಮುದ್ರದಾಚೆ, ಇಂದಿನ ಸ್ವೀಡನ್ನಿನ ದಕ್ಷಿಣ ಭಾಗದಲ್ಲಿದ್ದ ಗೀಟರ ನಾಡಿನಲ್ಲಿ ತರುಣ ಬೇಯೊವುಲ್ಫ್ ಸುದ್ದಿ ಕೇಳಿ ಹಡಗು ಸಜ್ಜು ಮಾಡಿಸುತ್ತಾನೆ. ಹದಿನಾಲ್ಕು ಜನ ಜೊತೆಗಾರರು, ಇವನು ಹದಿನೈದನೆಯವನು.

ನಿನ್ನ ವೃತ್ತದಲ್ಲಿ ‘ಹಿಂಜರಿಕೆ’ಯ ಎದುರು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೀಯ. ಸರಿಯಾಗಿಯೇ ಹಾಕಿದ್ದೀಯ, ಬೇಯೊವುಲ್ಫ್ ಹಿಂಜರಿಯುವುದೇ ಇಲ್ಲ. ಕರೆಗೆ ಓಗೊಡಲು ಹೆದರುವ ನಾಯಕ ಹಳೆಯ ಇಂಗ್ಲಿಷಿನಲ್ಲಿ ಬೇಕಿದ್ದರೆ ‘ಆಂಡ್ರಿಯಾಸ್’ ಎಂಬ ಕಾವ್ಯ ನೋಡು. ಅದರ ಹಸ್ತಪ್ರತಿ ಇಟಲಿಯ ವೆರ್ಚೆಲ್ಲಿಯಲ್ಲಿದೆ. ನರಭಕ್ಷಕರ ಸೆರೆಯಲ್ಲಿರುವ ಮತ್ತಾಯನನ್ನು ಮೂರು ದಿನದೊಳಗೆ ಹೋಗಿ ಬಿಡಿಸು ಎಂದು ದೇವರು ಅಂದ್ರೆಯನಿಗೆ ಹೇಳಿದರೆ, ಅಷ್ಟು ದೂರದ ಕಡಲು ನಾನು ಹೇಗೆ ದಾಟಲಿ, ದೇವದೂತನಾದರೆ ಸುಲಭ ಎಂದು ಅವನು ಮೊದಲು ತಕರಾರು ತೆಗೆಯುತ್ತಾನೆ. ಆಮೇಲೆ ಹೊರಡುತ್ತಾನೆ, ಹಡಗಿನ ನಾವಿಕನ ವೇಷದಲ್ಲಿ ಸಾಕ್ಷಾತ್ ಕ್ರಿಸ್ತನೇ ಇರುತ್ತಾನೆ. ಕ್ಯಾಂಪ್‌ಬೆಲ್ಲನ ಮಾದರಿಗೆ ಬೇಯೊವುಲ್ಫ್‌ಗಿಂತ ಈ ಕಾವ್ಯವೇ ಚೆನ್ನಾಗಿ ಕೂರುತ್ತದೆ. ಓದುಗರ ಮನಸ್ಸಿನಲ್ಲಿ ಕೂತಿರುವುದು ಮಾತ್ರ ಬೇಯೊವುಲ್ಫ್. ಮಾದರಿಗೆ ಚೆನ್ನಾಗಿ ಹೊಂದಿದ ಮಾತ್ರಕ್ಕೆ ಕೃತಿ ದೊಡ್ಡದಾಗುವುದಿಲ್ಲ ಎಂಬುದನ್ನು ಚಿತ್ರಕಥೆ ಬರೆಯುವವನು ಮರೆಯಬಾರದು.

‘ಕರೆ’ಯ ಎದುರು ನೀನು ‘ಗ್ರೆಂಡೆಲ್ ಸುದ್ದಿ’ ಎಂದಷ್ಟೇ ಬರೆದಿದ್ದೀಯ. ಹ್ರೋತ್‌ಗಾರ್ ಅತಿಥಿಗೆ ಕೊಡುವ ಮೊದಲ ಉತ್ತರವನ್ನು ಇನ್ನೊಮ್ಮೆ ಓದು. ಬೇಯೊವುಲ್ಫನ ಅಪ್ಪ ಎಡ್ಜ್‌ಥೆಯೊ ಹಿಂದೊಮ್ಮೆ ಬೇರೆ ಕುಲದವನೊಬ್ಬನನ್ನು ಕೊಂದಿದ್ದ. ಯುದ್ಧದ ಭಯಕ್ಕೆ ಸ್ವಂತ ಜನ ಅವನನ್ನು ಇಟ್ಟುಕೊಳ್ಳಲಿಲ್ಲ. ಕಡಲು ದಾಟಿ ಡೇನರ ಹತ್ತಿರ ಬಂದ. ಆಗಷ್ಟೇ ಪಟ್ಟಕ್ಕೆ ಬಂದಿದ್ದ ಹ್ರೋತ್‌ಗಾರ್ ತನ್ನ ಹಣ ಕೊಟ್ಟು ಆ ಹಗೆ ತೀರಿಸಿದ. ಮುದಿ ದೊರೆ ಅದನ್ನು ನೆನಪಿಸಿ, ಆಮೇಲೆಯೇ ಮಗನನ್ನು ಊಟಕ್ಕೆ ಕೂರಿಸುತ್ತಾನೆ. ಕೀರ್ತಿಯ ಆಸೆಗೆ ಬಂದವನು ಅಂತ ನಾವು ತಿಳಿದವನು ಅಪ್ಪನ ಋಣವನ್ನೂ ಹೊತ್ತು ಬಂದಿದ್ದಾನೆ. ಮನೆ ಅವನ ಹಿಂದೆ ಉಳಿದಿಲ್ಲ, ಜೊತೆಯಲ್ಲೇ ಕಡಲು ದಾಟಿದೆ. ನೀನು ಮನೆಗೆ ಹಚ್ಚಿದ ಹೆಸರನ್ನು ನಾನು ಒಪ್ಪದಿರುವುದು ಇದಕ್ಕೇ.

ಗ್ರೆಂಡೆಲ್‌ನ ತೋಳು ಕೀಳುವ ಕಾಳಗವನ್ನು ಎಲ್ಲರೂ ಹೇಳುತ್ತಾರೆ, ನಾನು ಬಿಡುತ್ತೇನೆ. ಮರುರಾತ್ರಿ ಅವನ ತಾಯಿ ಸೇಡಿಗೆ ಬರುತ್ತಾಳೆ. ಬೇಯೊವುಲ್ಫ್ ಅವಳನ್ನು ಹುಡುಕಿ ಮಡುವಿಗೆ ಇಳಿಯುತ್ತಾನೆ. ನಿನ್ನ ‘ಕತ್ತಲ ಗುಹೆ’ ಇದೇ. ನೀನು ನೀರಿನೊಳಗಿನ ಕಾಳಗವನ್ನು ಮಾತ್ರ ಬರೆದುಕೊಂಡಿದ್ದೀಯ: ಹ್ರೋತ್‌ಗಾರ್‌ನ ಸಭೆಯ ಅನ್‌ಫರ್ತ್ ಕೊಟ್ಟ ಕತ್ತಿ ಕೈಕೊಡುವುದು, ಗೋಡೆಯ ಮೇಲಿನ ದೈತ್ಯರ ಕತ್ತಿ ಸಿಗುವುದು, ಆ ಕತ್ತಿ ರಾಕ್ಷಸರಕ್ತದ ಕಾವಿಗೆ ಕರಗಿ ಹಿಡಿಕೆಯಷ್ಟೇ ಉಳಿಯುವುದು. ಕವಿ ಅಷ್ಟೇ ಕಾಳಜಿಯಿಂದ ದಡವನ್ನೂ ತೋರಿಸುತ್ತಾನೆ. ನೀರು ರಕ್ತಗೆಂಪಾಗುತ್ತದೆ. ತಲೆ ನರೆತವರು ಪರಸ್ಪರ ಮಾತಾಡಿಕೊಳ್ಳುತ್ತಾರೆ, ಅವನು ಮುಗಿದ ಅಂತ. ಹೊತ್ತು ಮಧ್ಯಾಹ್ನ ದಾಟುತ್ತದೆ. ಡೇನರು, ಅವರ ದೊರೆಯೂ ಸೇರಿ, ಎದ್ದು ಮನೆಗೆ ಹೋಗುತ್ತಾರೆ. ಗೀಟರ ಹುಡುಗರು ಏಳುವುದಿಲ್ಲ. ಅವರಿಗೂ ಭರವಸೆ ಉಳಿದಿಲ್ಲ. ಇನ್ನೊಮ್ಮೆ ಅವನ ಮುಖ ನೋಡುತ್ತೇವೆ ಎಂಬ ನಂಬಿಕೆ ಇಲ್ಲ, ಆಸೆ ಮಾತ್ರ ಇದೆ. ಸಂಕಟಪಡುತ್ತಾ ಆ ಕೆಟ್ಟ ನೀರನ್ನೇ ದಿಟ್ಟಿಸಿಕೊಂಡು ಕೂರುತ್ತಾರೆ. ಆ ಜಾಗ ಪಾಠ ಮಾಡುವಾಗ ನಾನು ಪ್ರತಿ ವರ್ಷವೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಆ ಹುಡುಗರಲ್ಲಿ ಒಬ್ಬನ ಹೆಸರನ್ನು ಬಿಟ್ಟರೆ ಬೇರೆ ಯಾರ ಹೆಸರೂ ಕಾವ್ಯದಲ್ಲಿಲ್ಲ, ಆ ಹೆಸರಿನವನೂ ಗ್ರೆಂಡೆಲ್‌ಗೆ ಆಗಲೇ ಬಲಿಯಾದವನು. ಉಳಿದವರಿಗೆ ನಿನ್ನ ವೃತ್ತದಲ್ಲಿ ಯಾವ ಘಟ್ಟವೂ ಇಲ್ಲ. ಮೇಲೆ ಬಂದ ನಾಯಕನನ್ನು ಕೈಹಿಡಿದು ದಡಕ್ಕೆ ಎಳೆಯುವವರು, ಅವನ ಶಿರಸ್ತ್ರಾಣ ಕವಚ ಬಿಚ್ಚುವವರು ಅವರೇ. ಅವರು ಕೂತಿದ್ದ ದಡ ಇರದಿದ್ದರೆ ಅವನು ಎಲ್ಲಿಗೆ ಮೇಲೆ ಬರಬೇಕಿತ್ತು?

ಇನ್ನು ‘ವರಪ್ರಾಪ್ತಿ’. ಗ್ರೆಂಡೆಲ್‌ನನ್ನು ಗೆದ್ದದ್ದಕ್ಕೆ ಹ್ರೋತ್‌ಗಾರ್ ಕತ್ತಿ, ಕವಚ, ಧ್ವಜಗಳ ಜೊತೆ ಎಂಟು ಕುದುರೆಗಳನ್ನು ಕೊಡುತ್ತಾನೆ. ಬೇಯೊವುಲ್ಫ್ ಊರಿಗೆ ಮರಳಿದ ಮೇಲೆ ಅವು ಎಲ್ಲಿ ಹೋದವು ಅಂತ ಲೆಕ್ಕ ಹಾಕಿದ್ದೀಯಾ? ನಾಲ್ಕು ಕುದುರೆ ತನ್ನ ದೊರೆ, ಸೋದರಮಾವ ಹಿಗೆಲಾಕ್‌ಗೆ. ಮೂರು ಅವನ ರಾಣಿ ಹಿಗ್ಡ್‌ಗೆ, ಅದರ ಜೊತೆ ಡೇನರ ರಾಣಿ ವೆಯಾಲ್‌ಥೆಯೊ ಕೊಟ್ಟಿದ್ದ ಬೆಲೆಬಾಳುವ ಕಂಠಹಾರವೂ. ಇವನಿಗೆ ಉಳಿದದ್ದು ಒಂದೇ ಕುದುರೆ. ಕವಿ ಕೂಡಿಸಿ ಕಳೆದು ಹೇಳುವುದಿಲ್ಲ, ಕೊಟ್ಟ ಜಾಗದಲ್ಲಿ ಎಂಟು ಎಂದು, ಹಂಚಿದ ಜಾಗದಲ್ಲಿ ನಾಲ್ಕು, ಮೂರು ಎಂದು ಹೇಳಿ ಸುಮ್ಮನಾಗುತ್ತಾನೆ. ಗೆದ್ದದ್ದನ್ನು ಹಂಚಿದ ಮೇಲೆಯೇ ಆ ಲೋಕದಲ್ಲಿ ಗೆಲುವು ಪೂರ್ತಿಯಾಗುತ್ತಿತ್ತು. ಇನ್ನೂ ಒಂದು ಸಂಗತಿ ಇದೆ. ಚಿಕ್ಕವನಿದ್ದಾಗ ಇವನನ್ನು ಗೀಟರು ಸೋಮಾರಿ, ಕೈಲಾಗದವನು ಎಂದು ಎಣಿಸಿದ್ದರು, ಸಭೆಯಲ್ಲಿ ಮರ್ಯಾದೆಯ ಜಾಗ ಕೊಟ್ಟಿರಲಿಲ್ಲ ಎಂದು ಕವಿ ಹೇಳುವುದು ಈ ಕುದುರೆಗಳನ್ನು ಕೊಟ್ಟ ಮೇಲೆ. ಸಿನಿಮಾದವರಾದರೆ ಅದನ್ನು ಮೊದಲ ದೃಶ್ಯದಲ್ಲಿ ಇಡುತ್ತಿದ್ದರು. ಇಲ್ಲಿ ಅವನು ಅವಮಾನವನ್ನು ಬಂಡವಾಳ ಮಾಡಿಕೊಂಡು ಹೊರಟವನಲ್ಲ. ನೀನೂ ಹಾಗೆ ಮಾಡಿಕೊಳ್ಳಬೇಡ.

ವೃತ್ತ ಇಲ್ಲಿಗೆ ಕೂಡಿಕೊಳ್ಳುತ್ತದೆ, 2199ನೇ ಸಾಲಿನ ಹೊತ್ತಿಗೆ. ಕಾವ್ಯದಲ್ಲಿರುವುದು 3182 ಸಾಲು. ಮಿಕ್ಕ ಸಾವಿರದ ಹತ್ತಿರದ ಸಾಲುಗಳಿಗೆ ನಿನ್ನ ಚಿತ್ರದಲ್ಲಿ ಜಾಗವಿಲ್ಲ. ಒಂದು ಮೂಲೆಯಲ್ಲಿ ‘ಡ್ರ್ಯಾಗನ್, ಸಾವು’ ಎಂದು ಬರೆದು ಬಾಣ ಎಳೆದುಬಿಟ್ಟಿದ್ದೀಯ. ನನ್ನ ತಕರಾರಿನ ಮುಖ್ಯ ಭಾಗ ಇದೇ. 1936ರಲ್ಲಿ ಟೋಲ್ಕಿನ್ ಬ್ರಿಟಿಷ್ ಅಕಾಡೆಮಿಯಲ್ಲಿ ಮಾಡಿದ ಉಪನ್ಯಾಸದಲ್ಲಿ ಈ ಕಾವ್ಯ ಒಂದೇ ಓಟದ ಕಥೆಯಲ್ಲ, ಒಂದು ಬದುಕಿನ ಏರನ್ನೂ ಇಳಿತವನ್ನೂ, ಯೌವನವನ್ನೂ ಮುಪ್ಪನ್ನೂ ಎದುರುಬದುರು ಇಟ್ಟಿದೆ ಎಂದು ವಾದಿಸಿದ. ನನಗೆ ಆ ಮಾತಿನ ಮೇಲೆ ಪೂರ್ತಿ ನಂಬಿಕೆ.

ಏರು ಇಳಿತಗಳ ನಡುವೆ ಐವತ್ತು ವರ್ಷ ಇದೆ. ಅಷ್ಟನ್ನೂ ಕವಿ ಒಂದೆರಡು ಸಾಲಿನಲ್ಲಿ ದಾಟುತ್ತಾನೆ: ಬೇಯೊವುಲ್ಫ್ ಐವತ್ತು ಚಳಿಗಾಲ ಚೆನ್ನಾಗಿ ಆಳಿದ, ಮುದುಕನಾದ. ಕಾವ್ಯದ ಏಕೈಕ ಹಸ್ತಪ್ರತಿ ಸುಮಾರು ಕ್ರಿ.ಶ. 1000ದ್ದು. 1731ರಲ್ಲಿ ಲಂಡನ್ನಿನ ಆಶ್‌ಬರ್ನ್‌ಹ್ಯಾಮ್ ಹೌಸ್‌ಗೆ ಬೆಂಕಿ ಬಿದ್ದಾಗ ಅಂಚು ಸುಟ್ಟುಕೊಂಡು ಬದುಕಿ ಉಳಿಯಿತು. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಈ ಐವತ್ತು ವರ್ಷ ಬರುವ ಹಾಳೆಯೇ ಬಹಳ ಮಾಸಿಹೋದ ಹಾಳೆಗಳಲ್ಲಿ ಒಂದು, ವಿದ್ವಾಂಸರು ಇವತ್ತಿಗೂ ಅಲ್ಲಿನ ಅಕ್ಷರಗಳ ಬಗ್ಗೆ ಜಗಳವಾಡುತ್ತಾರೆ.

ಆದರೂ ಆ ಐವತ್ತು ವರ್ಷದ ಆಳ್ವಿಕೆಗೆ ಮುಂಚಿನ ಒಂದು ಘಟನೆ ಹಿಂದುಮುಂದಾಗಿ ನಮಗೆ ಸಿಗುತ್ತದೆ. ಹಿಗೆಲಾಕ್ ಫ್ರಿಸಿಯಾದ ಮೇಲೆ ದಾಳಿಗೆ ಹೋಗಿ ಸಾಯುತ್ತಾನೆ. ಇದು ಕವಿಯ ಕಲ್ಪನೆಯಲ್ಲ, ಆರನೇ ಶತಮಾನದ ಇತಿಹಾಸಕಾರ ಟೂರ್‌ನ ಗ್ರೆಗೊರಿ ಆ ದಾಳಿಯನ್ನು ದಾಖಲಿಸಿದ್ದಾನೆ. ಬೇಯೊವುಲ್ಫ್ ಈಜಿಕೊಂಡು ಊರಿಗೆ ಬಂದಾಗ ವಿಧವೆ ರಾಣಿ ಹಿಗ್ಡ್ ಪಟ್ಟವನ್ನು ಅವನ ಕೈಗೆ ಇಡಲು ಬರುತ್ತಾಳೆ, ಮಗ ಹೆಯಾರ್ಡ್‌ರೆಡ್ ಚಿಕ್ಕವನು, ಹೊರಗಿನವರ ಎದುರು ನಿಲ್ಲಲಾರ ಅಂತ. ಬೇಯೊವುಲ್ಫ್ ಬೇಡ ಅನ್ನುತ್ತಾನೆ. ಹುಡುಗನ ಬೆನ್ನಿಗೆ ನಿಂತು, ಬುದ್ಧಿಮಾತು ಹೇಳುತ್ತಾ, ಅವನು ದೊಡ್ಡವನಾಗುವ ತನಕ ಕಾಯುತ್ತಾನೆ. ಆ ಹುಡುಗ ಸ್ವೀಡರ ಕೈಯಲ್ಲಿ ಸತ್ತ ಮೇಲೆಯೇ ಇವನು ಪಟ್ಟ ಏರುವುದು. ಗ್ರೆಂಡೆಲ್‌ನ ತೋಳು ಕಿತ್ತದ್ದಕ್ಕಿಂತ ಇದು ದೊಡ್ಡ ಕೆಲಸ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬಾಗಿಲವರೆಗೆ ಬಂದ ರಾಜ್ಯವನ್ನು ಇನ್ನೊಬ್ಬನ ಸಲುವಾಗಿ ಬೇಡ ಎಂದವನ ಹೆಸರಿನಲ್ಲಿ ರಾಕ್ಷಸನ ತಲೆ ಯಾವ ಗೋಡೆಯ ಮೇಲೂ ತೂಗುವುದಿಲ್ಲ. ನಿನ್ನಜ್ಜಿ ಹಾಸಿಗೆ ಹಿಡಿದ ವರ್ಷ ನಿನ್ನಪ್ಪನಿಗೆ ಪ್ರಮೋಷನ್ನಿನ ಮೇಲೆ ಉತ್ತರಕ್ಕೆ ವರ್ಗವಾಗಿತ್ತು. ಬೇಡ ಎಂದು ಬರೆದುಕೊಟ್ಟ. ಆಮೇಲೆ ಅವನ ಕೈಕೆಳಗಿದ್ದವರು ಮೇಲೆ ಹೋದರು. ಅವನು ಆ ಮಾತನ್ನು ನಿನ್ನ ಹತ್ತಿರ ಯಾವತ್ತೂ ಎತ್ತಿರಲಾರ, ಅದಕ್ಕೇ ನಾನು ಹೇಳುತ್ತಿದ್ದೇನೆ. ನೀನು ‘ಸಾಮಾನ್ಯ ಲೋಕ’ ಎಂದು ಬರೆದ ಮನೆ ಆ ತೀರ್ಮಾನದ ಮೇಲೆ ನಿಂತಿದೆ.

ಇಡೀ ಕಾವ್ಯದಲ್ಲಿ ನಿನ್ನ ವಯಸ್ಸಿನವರಿಗೆ ಹೇಳಿದಂತಿರುವ ಒಂದು ಭಾಗವಿದೆ, 1700ನೇ ಸಾಲಿನಿಂದ. ಮಡುವಿನಿಂದ ಎದ್ದು ಬಂದ ಬೇಯೊವುಲ್ಫ್ ಕರಗಿದ ಕತ್ತಿಯ ಹಿಡಿಕೆಯನ್ನು ಹ್ರೋತ್‌ಗಾರ್‌ನ ಕೈಗಿಡುತ್ತಾನೆ. ದೈತ್ಯಕುಲ ಜಲಪ್ರಳಯದಲ್ಲಿ ನಾಶವಾದ ಕಥೆ ಅದರ ಮೇಲೆ ಕೆತ್ತಿದೆ. ಮುದುಕ ಅದನ್ನು ತಿರುಗಿಸಿ ನೋಡುತ್ತಾನೆ, ಹುಡುಗನನ್ನು ಹೊಗಳುತ್ತಾನೆ, ಹೊಗಳಿಕೆಯ ನಡುವೆಯೇ ಎಚ್ಚರಿಸಲು ಶುರುಮಾಡುತ್ತಾನೆ. ಹೆರೆಮೋಡ್ ಎಂಬ ಹಳೆಯ ದೊರೆಗೂ ದೇವರು ಎಲ್ಲರಿಗಿಂತ ಹೆಚ್ಚು ಬಲ ಕೊಟ್ಟಿದ್ದ. ಅವನು ಒಂದೇ ಪಂಕ್ತಿಯಲ್ಲಿ ಕೂತು ಉಂಡವರನ್ನೇ ಕೊಂದು, ಯಾರಿಗೂ ಏನೂ ಕೊಡದೆ, ಒಬ್ಬಂಟಿಯಾಗಿ ಹಾಳಾದ. ನಿನ್ನ ಬಲ ಇರುವುದು ಸ್ವಲ್ಪ ಕಾಲ. ರೋಗವೋ ಕತ್ತಿಯೋ ಬೆಂಕಿಯೋ ನೀರೋ, ಏನೂ ಇಲ್ಲದಿದ್ದರೆ ಮುಪ್ಪೋ, ಅದನ್ನು ಕಸಿಯುತ್ತದೆ. ಇಷ್ಟು ಹೇಳಿ ತನ್ನ ಕಥೆಗೆ ಬರುತ್ತಾನೆ. ಐವತ್ತು ವರ್ಷ ಆಳಿದೆ, ನನಗೆ ಎದುರಾಳಿಯೇ ಇಲ್ಲ ಅಂದುಕೊಂಡಿದ್ದೆ, ಆಗ ಗ್ರೆಂಡೆಲ್ ಮನೆ ಹೊಕ್ಕ. ಹುಡುಗ ಏನು ಉತ್ತರ ಕೊಟ್ಟ? ಕವಿ ಅವನಿಂದ ಒಂದು ಮಾತೂ ಆಡಿಸುವುದಿಲ್ಲ. ಖುಷಿಯಾಗಿ ತನ್ನ ಜಾಗಕ್ಕೆ ಹೋಗಿ ಕೂರುತ್ತಾನೆ, ಊಟ ಬರುತ್ತದೆ. ಹಿರಿಯರ ಮಾತು ತಲೆಗೆ ಇಳಿಯಲು ಕೆಲವೊಮ್ಮೆ ಐವತ್ತು ವರ್ಷವೇ ಬೇಕಾಗುತ್ತದೆ, ಅದು ನನಗೂ ಗೊತ್ತು.

ಐವತ್ತು ವರ್ಷ ಕಳೆದ ಮೇಲೆ ಅದೇ ಕಷ್ಟ ಇವನ ಮನೆಗೆ ಬರುತ್ತದೆ. ಮುನ್ನೂರು ವರ್ಷದಿಂದ ನಿಧಿ ಕಾಯುತ್ತಿದ್ದ ಡ್ರ್ಯಾಗನ್ನಿನ ಒಂದು ಬಟ್ಟಲನ್ನು ಯಾವನೋ ಕದ್ದ ಕಾರಣಕ್ಕೆ ಅದು ಊರು ಸುಡುತ್ತದೆ, ದೊರೆಯ ಸಭಾಭವನವೂ ಬೂದಿ. ಹಿರಿಯ ಬೇಯೊವುಲ್ಫ್ ಕಬ್ಬಿಣದ ಗುರಾಣಿ ಮಾಡಿಸುತ್ತಾನೆ. ಹನ್ನೊಂದು ಜನರನ್ನು ಕರೆದುಕೊಂಡು ಹೋಗಿ, ನೀವು ದೂರ ನಿಲ್ಲಿ, ಇದು ನಿಮ್ಮ ಕೆಲಸವಲ್ಲ, ನನ್ನೊಬ್ಬನದು ಅನ್ನುತ್ತಾನೆ. ತರುಣನಾಗಿದ್ದಾಗ ಅವನನ್ನು ಎತ್ತಿ ಹಿಡಿದ ಮಾತೇ ಈಗ ಅವನನ್ನು ಬೀಳಿಸುತ್ತದೆ. ಕತ್ತಿ ಮುರಿಯುತ್ತದೆ, ಬೆಂಕಿ ಸುತ್ತುತ್ತದೆ. ಹತ್ತು ಜನ ಕಾಡಿಗೆ ಓಡುತ್ತಾರೆ.

ಓಡದೆ ನಿಂತವನು ವಿಗ್ಲಾಫ್. ದೊರೆಯ ಜೊತೆ ಅವನಿಗೆ ಅದೇ ಮೊದಲ ಕಾಳಗ. ಮನೆ, ಜಮೀನು, ಕುಲದ ಹಕ್ಕು ಎಲ್ಲ ಈತ ಕೊಟ್ಟದ್ದು ಎಂಬ ನೆನಪಾಗುತ್ತದೆ. ಹೊಗೆಯೊಳಗೆ ನುಗ್ಗುತ್ತಾನೆ. ಅವನ ಮರದ ಗುರಾಣಿ ಸುಟ್ಟು ಹೋದಾಗ ಮುದುಕನ ಕಬ್ಬಿಣದ ಗುರಾಣಿಯ ಹಿಂದೆ ಸೇರಿಕೊಳ್ಳುತ್ತಾನೆ. ಒಂದೇ ಗುರಾಣಿಯ ಹಿಂದೆ ಇಬ್ಬರು. ಡ್ರ್ಯಾಗನ್ ಬೇಯೊವುಲ್ಫನ ಕುತ್ತಿಗೆಗೆ ಬಾಯಿ ಹಾಕಿದಾಗ ವಿಗ್ಲಾಫ್ ಅದರ ಕೆಳಹೊಟ್ಟೆಗೆ ತಿವಿಯುತ್ತಾನೆ, ಕೈ ಸುಟ್ಟುಕೊಳ್ಳುತ್ತಾನೆ, ಬೆಂಕಿ ತಗ್ಗುತ್ತದೆ. ಆಗ ಮುದುಕ ಸೊಂಟದ ಚೂರಿ ಎಳೆದು ಕೆಲಸ ಮುಗಿಸುತ್ತಾನೆ. ಕಾವ್ಯದ ಮೂರು ಕಾಳಗಗಳಲ್ಲಿ ಇದೊಂದನ್ನೇ ಇಬ್ಬರು ಸೇರಿ ಗೆದ್ದದ್ದು. ಮಾದರಿಯ ಪ್ರಕಾರ ವಿಗ್ಲಾಫ್ ಬರೀ ಸಹಾಯಕ. ಅವನು ಯಾವ ಕರೆಯನ್ನೂ ಕೇಳಿ ಬಂದವನಲ್ಲ, ಬರಬೇಡ ಎಂಬ ಅಪ್ಪಣೆಯನ್ನು ಮೀರಿ ಬಂದವನು. ದೊರೆಯ ಮುಖಕ್ಕೆ ನೀರು ಹಾಕಿ ತೊಳೆಯುವವನೂ ಅವನೇ, ಓಡಿ ಹೋಗಿ ನಾಚಿಕೊಂಡು ಬಂದ ಹತ್ತು ಜನರ ಮುಖಕ್ಕೆ ಹೊಡೆದ ಹಾಗೆ ಮಾತಾಡುವವನೂ ಅವನೇ. ಅಷ್ಟೇ ಅಲ್ಲ, ಸತ್ತ ದೊರೆಯ ಬಗ್ಗೆಯೂ ಅವನು ಸತ್ಯ ಹೇಳುತ್ತಾನೆ. ಡ್ರ್ಯಾಗನ್ನಿನ ತಂಟೆಗೆ ಹೋಗಬೇಡಿ ಎಂದು ನಾವು ಹೇಳಿದ ಬುದ್ಧಿ ಹಿಡಿಸಲಿಲ್ಲ, ಒಬ್ಬನ ಹಟಕ್ಕೆ ಎಷ್ಟೋ ಜನ ಅನುಭವಿಸಬೇಕಾಗುತ್ತದೆ ಎನ್ನುತ್ತಾನೆ. ಪ್ರೀತಿಸಿದವನೇ ಹೇಳಿದ ಮಾತು ಅದು. ಗೆದ್ದ ನಿಧಿಯನ್ನು ಗೋರಿಯೊಳಗೆ ಹೂಳುತ್ತಾರೆ, ಯಾರಿಗೂ ಪ್ರಯೋಜನವಿಲ್ಲ. ಇನ್ನು ಸ್ವೀಡರೂ ಫ್ರಾಂಕರೂ ಮೇಲೆ ಬೀಳುತ್ತಾರೆ ಎಂದು ಸುದ್ದಿ ಹೊತ್ತವನು ಸಾರುತ್ತಾನೆ.

ಹಾಗೆಂದು ಬೇಯೊವುಲ್ಫ್ ತಪ್ಪಿತಸ್ಥ ಅಂತ ಷರಾ ಬರೆಯಬೇಡ. ಕವಿ ಅವನನ್ನು ಕೊನೆಯವರೆಗೂ ಪ್ರೀತಿಸುತ್ತಾನೆ, ನಾನೂ. ಲೋಕದ ದೊರೆಗಳಲ್ಲೇ ಅತ್ಯಂತ ದಯಾಳು ಅಂತ ಹೊಗಳಿ ಮಣ್ಣು ಮಾಡುತ್ತಾರೆ. ನಾನು ಹೇಳುವುದು ಅವನಿಗೆ ಜೊತೆಯವರು ಬೇಕಿತ್ತು ಅಂತ, ಅವರನ್ನು ಬೆಳೆಸುವುದಕ್ಕೆ ಐವತ್ತು ವರ್ಷ ಇತ್ತು ಅಂತ.

ನಿನ್ನ ಚಿತ್ರಕಥೆಗೆ ಬರುತ್ತೇನೆ. ನಾಯಕ ಊರು ಬಿಡುವಾಗ ಮೂರನೇ ದೃಶ್ಯದಲ್ಲಿ ಅವನ ತಂಗಿ ಬಸ್ ಸ್ಟ್ಯಾಂಡಿನಲ್ಲಿ ಕೈ ಬೀಸುತ್ತಾಳೆ. ಮತ್ತೆ ಅವಳು ಕಾಣುವುದು ಹತ್ತು ವರ್ಷದ ಮೇಲೆ, ಕಡೇ ದೃಶ್ಯದಲ್ಲಿ, ಆರತಿ ತಟ್ಟೆ ಹಿಡಿದುಕೊಂಡು. ಆ ಹತ್ತು ವರ್ಷ ಅವಳು ಏನು ಮಾಡಿದಳು? ಅಂಗಡಿಯ ಸಾಲ ಯಾರು ತೀರಿಸಿದರು, ಅಪ್ಪನನ್ನು ಆಸ್ಪತ್ರೆಗೆ ಯಾರು ಕರೆದುಕೊಂಡು ಹೋದರು? ನಿನಗೆ ಉತ್ತರ ಗೊತ್ತಿಲ್ಲದಿದ್ದರೆ ನಾಯಕ ಮರಳಿ ಬರುವ ಮನೆಯೇ ನಿನಗೆ ಗೊತ್ತಿಲ್ಲ ಅಂತಾಯಿತು, ಆಗ ‘ಮರಳಿಕೆ’ ಎಂಬ ಘಟ್ಟ ಬರೀ ಬಸ್ಸು ಇಳಿಯುವುದಾಗುತ್ತದೆ. ನಾಯಕನ ಗೆಳೆಯನನ್ನೂ ನೋಡು. ಅವನು ನಾಯಕನನ್ನು ಹೊಗಳುವುದಕ್ಕೆ ಮಾತ್ರ ಬಾಯಿ ತೆರೆಯುತ್ತಾನೆ. ಒಮ್ಮೆಯಾದರೂ ಅವನು ವಿಗ್ಲಾಫನ ಹಾಗೆ ಎದುರು ಮಾತಾಡಲಿ, ಮಾತಾಡಿದ ಮೇಲೂ ಪಕ್ಕದಲ್ಲೇ ನಿಲ್ಲಲಿ.

ಓದುವುದಾದರೆ ‘ದಿ ಬ್ಯಾಟಲ್ ಆಫ್ ಮಾಲ್ಡನ್’ ಅನ್ನೂ ಓದು, ಚಿಕ್ಕದು, ಉಳಿದಿರುವುದು 325 ಸಾಲು. ಅದರ ಮೊದಲೂ ಕೊನೆಯೂ ಕಳೆದುಹೋಗಿವೆ. ಹಸ್ತಪ್ರತಿ 1731ರ ಆ ಬೆಂಕಿಯಲ್ಲೇ ನಾಶವಾಯಿತು, ಮೊದಲೇ ಯಾರೋ ಮಾಡಿಟ್ಟಿದ್ದ ಪ್ರತಿಯಿಂದ ನಮಗೆ ಸಿಕ್ಕಿದೆ. 991ರಲ್ಲಿ ಎಸೆಕ್ಸ್ ಕಡಲ ಕರೆಯಲ್ಲಿ ವೈಕಿಂಗರ ಎದುರು ಸೋತ ಯುದ್ಧ ಅದು. ನಾಯಕ ಬಿರ್ಟ್‌ನೋತ್ ಅರ್ಧದಲ್ಲೇ ಸಾಯುತ್ತಾನೆ. ಅವನಿಂದ ಎಷ್ಟೋ ಕುದುರೆ ಪಡೆದಿದ್ದ ಗಾಡ್ರಿಕ್ ಸತ್ತವನ ಕುದುರೆಯನ್ನೇ ಹತ್ತಿ ಕಂಬಿ ಕೀಳುತ್ತಾನೆ. ದೂರದಿಂದ ಆ ಕುದುರೆ ಕಂಡವರು ಓಡುತ್ತಿರುವುದು ದೊರೆಯೇ ಅಂದುಕೊಂಡು ಚೆದುರುತ್ತಾರೆ. ಆಮೇಲಿನ ಕಥೆಯೆಲ್ಲ ಉಳಿದವರದು. ಒಬ್ಬೊಬ್ಬರೇ ಹೆಸರು ಹೇಳಿಕೊಂಡು ಮುಂದೆ ಬರುತ್ತಾರೆ, ಅವರಲ್ಲಿ ಉನ್ನತ ಕುಲದವನೂ ಇದ್ದಾನೆ, ಡುನ್ನೆರೆ ಎಂಬ ಸಾಮಾನ್ಯ ರೈತನೂ ಇದ್ದಾನೆ. ಯಾರೂ ಹಿಂದೆ ಸರಿಯುವುದಿಲ್ಲ.

ಬೇಯೊವುಲ್ಫ್ ಕಾವ್ಯದ ಇಂಗ್ಲಿಷ್ ಅನುವಾದಗಳಲ್ಲಿ ಈಗ ಶೇಮಸ್ ಹೀನಿಯ 1999ರ ಪುಸ್ತಕ ಸುಲಭವಾಗಿ ಸಿಗುತ್ತದೆ, ಅದನ್ನೇ ತಗೋ. ಈ ಸಲ ಮೊದಲಿನಿಂದ ಓದಬೇಡ. 2200ನೇ ಸಾಲಿನಿಂದ ಕೊನೆಯವರೆಗೆ ಓದು, ಆಮೇಲೆ ಮೊದಲಿಗೆ ಹೋಗು. ಓದುವಾಗ ವೃತ್ತವನ್ನು ಮೇಜಿನ ಮೇಲೆ ಇಟ್ಟುಕೊಳ್ಳಬೇಡ. ಹಬ್ಬಕ್ಕೆ ಊರಿಗೆ ಬಂದಾಗ ಎರಡನೇ ಕರಡು ತಾ, ತಂಗಿಯ ಹತ್ತು ವರ್ಷ ಅದರಲ್ಲಿರಲಿ. ಅಪ್ಪನ ಹತ್ತಿರ ಆ ವರ್ಗಾವಣೆಯ ವಿಷಯ ನಾನು ಹೇಳಿದೆ ಅಂತಲೇ ಕೇಳು, ಅವನು ನನ್ನ ಮೇಲೆ ರೇಗಿದರೆ ರೇಗಲಿ.